ಬಾಗಿಲ ಸಂದಿಯಲ್ಲಿ ಉಳಿದಿದ್ದ ಕೆಂಪು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಯಲ್ಲಿ 1998ರ ಮಾರುತಿ 800 ಒಂದಿದೆ. ಕೆಂಪು ಬಣ್ಣದ್ದು. ಅಪ್ಪ ತಗೊಂಡಿದ್ದು. ಬಳ್ಳಾರಿ ಬಿಸಿಲು ಎಂಥದ್ದು ಅಂತ ನಿಮಗೂ ಗೊತ್ತು, ಅಲ್ವಾ? ಶೆಡ್ ಇರಲಿಲ್ಲ, ಮನೆ ಮುಂದೆ ಬಯಲಲ್ಲೇ ಇಪ್ಪತ್ತು ವರ್ಷಕ್ಕೂ ಜಾಸ್ತಿ ನಿಂತ ಕಾರು ಅದು. ಮೊದಲು ರೂಫ್ ಮಂಕಾಯಿತು, ಆಮೇಲೆ ಬಾನೆಟ್. ಕೊನೆಗೆ ಕೆಂಪು ಹೋಗಿ ಒಂಥರಾ ಬಿಳಚಿದ ಗುಲಾಬಿ ಬಣ್ಣ ಬಂತು. ಬಾನೆಟ್ ಸವರಿದರೆ ಸೀಮೆಸುಣ್ಣ ಮುಟ್ಟಿದ ಹಾಗೆ ಅಂಗೈಗೆ ಪುಡಿ ಮೆತ್ತಿಕೊಳ್ಳುತ್ತಿತ್ತು.

ನೋಡಿದವರೆಲ್ಲ ಒಂದೇ ಮಾತು ಹೇಳಿದರು, ಪೂರ್ತಿ ಪೇಂಟ್ ಮಾಡಿಸಿಬಿಡಿ ಅಂತ. ನಾನೂ ಹೆಚ್ಚುಕಡಿಮೆ ಒಪ್ಪಿದ್ದೆ. ಆಗ ಒಂದು ದಿನ ಬಾಗಿಲು ತೆಗೆದು ಹಿಂಜಿಗೆ ಎಣ್ಣೆ ಬಿಡುತ್ತಿದ್ದೆ. ಬಾಗಿಲ ಸಂದಿಯಲ್ಲಿ, ಬಿಸಿಲು ತಾಗದ ಆ ನಾಲ್ಕು ಬೆರಳಗಲ ಜಾಗದಲ್ಲಿ, ಬಣ್ಣ ದಾಸವಾಳದ ಹಾಗೆ ಕೆಂಪಗಿತ್ತು. ಅಪ್ಪ ಶೋರೂಮಿನಿಂದ ತಂದ ದಿನದ ಕೆಂಪು ಅದು. ಬಾನೆಟ್ಟಿನ ಮಂಕು ಪದರದ ಅಡಿಯಲ್ಲೂ ಈ ಕೆಂಪು ಇನ್ನೂ ಇದ್ದರೆ ಅಂತ ಅನ್ನಿಸಿದ್ದು ಆವಾಗಲೇ.

ಇತ್ತು. ನಿಮ್ಮ ಕಾರಿನಲ್ಲೂ ಇರಬಹುದು.

ಆಗುವುದೇನು ಅಂದರೆ, ಪೇಂಟ್‌ನಲ್ಲಿ ಬಣ್ಣದ ಕಣಗಳು ಇರುತ್ತವೆ, ಅವನ್ನು ಹಿಡಿದಿಟ್ಟುಕೊಳ್ಳುವ ಅಂಟಿನಂಥ ರಾಳ ಇರುತ್ತದೆ. ಬಿಸಿಲಿನ ನೇರಳಾತೀತ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಮೇಲ್ಮೈಯ ರಾಳವನ್ನು ಒಡೆಯುತ್ತವೆ. ಹಿಡಿತ ತಪ್ಪಿದ ಕಣಗಳೇ ಆ ಪುಡಿ. ಮೇಲ್ಮೈ ನಯವಾಗಿ ಇಲ್ಲದ್ದರಿಂದ ಬೆಳಕು ಚೆದುರುತ್ತದೆ, ನಮ್ಮ ಕಣ್ಣಿಗೆ ಮಂಕಾಗಿ ಕಾಣುತ್ತದೆ. ಕೆಂಪು ಬಣ್ಣಕ್ಕೆ ಇದು ಬೇಗ ಆಗುತ್ತದೆ. ಬಿಸಿಲು ನೆಟ್ಟಗೆ ಬೀಳುವ ರೂಫ್, ಬಾನೆಟ್ ಮೊದಲು ಹೋಗುತ್ತವೆ, ಬಾಗಿಲುಗಳು ತಡವಾಗಿ. ಆದರೆ ಹಾಳಾಗಿರುವುದು ಎಷ್ಟೋ ಸಲ ಮೇಲಿನ ತೆಳು ಪದರ ಮಾತ್ರ. ಹಾಗಾಗಿ ಇದು ಬಣ್ಣ ಹಚ್ಚುವ ಕೆಲಸ ಅಲ್ಲ, ಸತ್ತ ಪದರವನ್ನು ತೆಗೆಯುವ ಕೆಲಸ. ಕಾರ್ಖಾನೆಯಲ್ಲಿ ಹಚ್ಚಿದ ಪೇಂಟ್ ಎಲ್ಲಾ ಪದರ ಸೇರಿ ಸುಮಾರು 100 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಪೋಸ್ಟ್‌ಕಾರ್ಡಿನಷ್ಟು ದಪ್ಪವೂ ಇಲ್ಲ. ಉಜ್ಜಿದಷ್ಟೂ ಅದು ಸವೆಯುತ್ತದೆ, ಮತ್ತೆ ಬರುವುದಿಲ್ಲ. ಇದೊಂದು ತಲೆಯಲ್ಲಿದ್ದರೆ ಕೈ ತಾನಾಗೇ ನಿಧಾನವಾಗುತ್ತದೆ.

ಮೊದಲು ನಿಮ್ಮ ಪೇಂಟ್ ಯಾವ ಜಾತಿಯದು ಅಂತ ನೋಡಿಕೊಳ್ಳಿ. ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ, ಕಾಣದ ಮೂಲೆಯಲ್ಲಿ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅದು ಒಂದೇ ಪದರದ ಹಳೆಯ ಬಗೆ. ಹತ್ತದಿದ್ದರೆ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇದೆ ಅಂತ. ಈಗಿನ ಕಾರುಗಳೆಲ್ಲ ಹೆಚ್ಚಾಗಿ ಕ್ಲಿಯರ್ ಕೋಟ್ ಇರುವಂಥವು. ಆ ಕೋಟ್ ಮಂಕಾಗಿದ್ದರೆ ಸರಿ ಮಾಡಬಹುದು. ಹಾವಿನ ಪೊರೆ ಹಾಗೆ ಸುಲಿದು ಏಳುತ್ತಿದ್ದರೆ ಮಾತ್ರ ಯಾವ ಪಾಲಿಶ್‌ಗೂ ಬಗ್ಗುವುದಿಲ್ಲ, ಆ ಭಾಗಕ್ಕೆ ಪೇಂಟ್ ಮಾಡಿಸಲೇಬೇಕು. ಸುಮ್ನೆ ದುಡ್ಡು ಸುರಿಯಬೇಡಿ.

ಆಮೇಲೆ ತೊಳೆಯುವುದು. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮರಳಿನ ಒಂದು ಕಣ ಬಟ್ಟೆಯಲ್ಲಿ ಉಳಿದರೂ ಗೀರು ಬೀಳುತ್ತದೆ. ಬೋರ್‌ವೆಲ್ ನೀರಾದರೆ ತಾನಾಗೇ ಒಣಗಲು ಬಿಡಬೇಡಿ, ಸುಣ್ಣದ ಕಲೆ ಕೂರುತ್ತದೆ, ಕೂಡಲೇ ಒರೆಸಿ. ಒಣಗಿದ ಮೇಲೆ ತೆಳುವಾದ ಪ್ಲಾಸ್ಟಿಕ್ ಕವರ್ ಕೈಗೆ ಹಾಕಿಕೊಂಡು ಬಾನೆಟ್ ಮೇಲೆ ಮೆಲ್ಲಗೆ ಸವರಿ ನೋಡಿ. ಬರಿಗೈಗೆ ಗೊತ್ತಾಗದ ತರಿ ಆಗ ರವೆ ಮುಟ್ಟಿದ ಹಾಗೆ ಗೊತ್ತಾಗುತ್ತದೆ. ಅದನ್ನು ತೆಗೆಯಲು ಕ್ಲೇ ಬಾರ್ ಅಂತ ಸಿಗುತ್ತದೆ, ಚಪಾತಿ ಹಿಟ್ಟಿನ ಹಾಗೆ ಮೆತ್ತಗಿನ ಉಂಡೆ. ಶಾಂಪೂ ನೀರು ಚಿಮುಕಿಸಿ, ಒತ್ತದೆ, ಹಾಗೇ ಜಾರಿಸಬೇಕು. ಕೈತಪ್ಪಿ ನೆಲಕ್ಕೆ ಬಿತ್ತಾ, ಆ ಉಂಡೆ ಬಿಸಾಡಿ. ಬೆಲೆ ನೋಡಬೇಡಿ.

ಈಗ ಉಜ್ಜುವ ಕೆಲಸ. ನಾನು ಬೆಳಗ್ಗೆ ಆರೂವರೆಗೆ ಶುರು ಮಾಡುತ್ತೇನೆ, ಒಂಬತ್ತಕ್ಕೆ ನಿಲ್ಲಿಸುತ್ತೇನೆ. ತಗಡು ಬಿಸಿಯಾದರೆ ಪಾಲಿಶ್ ಅಲ್ಲೇ ಒಣಗಿ ಅಂಟಿಕೊಳ್ಳುತ್ತದೆ. ನೆರಳು ಬೇಕೇ ಬೇಕು. ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಒಂದಡಿ ಚೌಕ ಮಾತ್ರ ಹಿಡಿಯಿರಿ. ಮೊದಲು ಎಲ್ಲಕ್ಕಿಂತ ನಯವಾದ ಪಾಲಿಶ್. ಬಟಾಣಿ ಕಾಳಿನಷ್ಟು ಸಾಕು. ಅದು ಸಾಲದಿದ್ದರೆ ಮಾತ್ರ ರಬ್ಬಿಂಗ್ ಕಾಂಪೌಂಡ್, ಅಂದರೆ ಪಾಲಿಶ್‌ಗಿಂತ ಒರಟಾಗಿ ಉಜ್ಜುವ ಪೇಸ್ಟ್, ಅದಾದ ಮೇಲೆ ಮತ್ತೆ ಪಾಲಿಶ್. ಅಂಗಡಿಯವರು ಮೊದಲೇ ಗಡಸು ಕಾಂಪೌಂಡ್ ಕೊಡಲು ನೋಡುತ್ತಾರೆ, ಬೇಗ ಹೊಳಪು ಕಾಣುತ್ತದೆ ಅಂತ. ಬೇಡ ಅನ್ನಿ.

ಬಾನೆಟ್ ಮಧ್ಯಕ್ಕೆ ಒಂದು ಟೇಪ್ ಅಂಟಿಸಿ, ಬಲಗಡೆ ಮಾತ್ರ ಉಜ್ಜಿದೆ. ಮೈಕ್ರೋಫೈಬರ್ ಬಟ್ಟೆ ಎರಡೇ ನಿಮಿಷದಲ್ಲಿ ಕೆಂಪಾಯಿತು, ಕುಂಕುಮ ಒರೆಸಿದ ಹಾಗೆ. ಮೊದಲ ಸಲ ನೋಡುವವರಿಗೆ ಎದೆ ಧಸಕ್ಕೆನ್ನುತ್ತದೆ, ಆದರೆ ಹೆದರಬೇಡಿ, ಒಂದೇ ಪದರದ ಪೇಂಟ್‌ನಲ್ಲಿ ಅದು ಸಹಜ, ಹೋಗುತ್ತಿರುವುದು ಸತ್ತ ಬಣ್ಣ. ಬಟ್ಟೆ ಮಡಚಿ ಹೊಸ ಬದಿಯಿಂದ ಒರೆಸಿದೆ. ನಾಲ್ಕು ಸುತ್ತು ಆದಮೇಲೆ ಬಾನೆಟ್ಟಿನಲ್ಲಿ ನಮ್ಮ ಮನೆ ಮುಂದಿನ ಬೇವಿನ ಮರದ ಕೊಂಬೆ ಕಾಣಿಸಿತು. ಎಲೆ ಎಣಿಸುವಷ್ಟು ಅಲ್ಲ, ಕೊಂಬೆ ಅಂತ ಗುರುತಿಸುವಷ್ಟು. ಟೇಪ್ ಕಿತ್ತೆ. ಒಂದು ಕಡೆ ಗುಲಾಬಿ, ಇನ್ನೊಂದು ಕಡೆ ಬಾಗಿಲ ಸಂದಿಯ ಅದೇ ಕೆಂಪು, ನಡುವೆ ಗೆರೆ ಎಳೆದ ಹಾಗೆ. ಅಮ್ಮನನ್ನು ಕರೆದು ತೋರಿಸಿದೆ. ಅವರು ಏನೂ ಹೇಳಲಿಲ್ಲ, ಸೆರಗಿನ ತುದಿಯಿಂದ ಆ ಕೆಂಪನ್ನು ಒಮ್ಮೆ ಒರೆಸಿದರು.

ಒಂದು ತಪ್ಪೂ ಆಯಿತು, ನಿಮಗೆ ಆಗಬಾರದು ಅಂತ ಹೇಳುತ್ತೇನೆ. ಬಾನೆಟ್ಟಿನ ಅಂಚಿನಲ್ಲಿ, ತಗಡು ಮಡಚುವ ಏಣಿನ ಮೇಲೆ, ಪೇಂಟ್ ಬೇರೆ ಕಡೆಗಿಂತ ತೆಳ್ಳಗಿರುತ್ತದೆ. ಅಲ್ಲೂ ಅದೇ ಜೋರಿನಲ್ಲಿ ಉಜ್ಜಿದೆ. ಬೆರಳ ತುದಿಯಷ್ಟು ಜಾಗದಲ್ಲಿ ಬಣ್ಣದ ಅಡಿಯ ಬೂದು ಪದರ, ಪ್ರೈಮರ್, ಎದ್ದು ಬಂತು. ಅದಕ್ಕೆ ಟಚ್‌ಅಪ್ ಪೇಂಟ್ ಹಚ್ಚಬೇಕಾಯಿತು, ಈಗಲೂ ಹತ್ತಿರದಿಂದ ಕಾಣುತ್ತದೆ. ಏಣುಗಳಿಗೆಲ್ಲ ಟೇಪ್ ಹಾಕಿ, ಕೊನೆಯಲ್ಲಿ ಟೇಪ್ ಬಿಚ್ಚಿ ಒಂದೆರಡು ಸಲ ಮೆಲ್ಲಗೆ ಸವರಿದರೆ ಸಾಕು.

ಮೆಷಿನ್ ಬಗ್ಗೆ ಜನ ಕೇಳುತ್ತಾರೆ. ಅಲುಗಾಡದೆ ಬರೀ ಗಿರ್ರನೆ ತಿರುಗುವ ರೋಟರಿ ಮೆಷಿನ್ ಒಂದೇ ಜಾಗದಲ್ಲಿ ಬಿಸಿ ಹುಟ್ಟಿಸುತ್ತದೆ, ಅಭ್ಯಾಸ ಇಲ್ಲದ ಕೈಗೆ ಪೇಂಟ್ ಸುಟ್ಟೇ ಹೋಗುತ್ತದೆ. ತಿರುಗುತ್ತಾ ಅಲುಗಾಡುವ ಡ್ಯುಯಲ್ ಆಕ್ಷನ್ ಮೆಷಿನ್ ವಾಸಿ. ಸಣ್ಣ ಕಾರಿಗೆ ಕೈಯೇ ಸಾಕು ಅನ್ನುವುದು ನನ್ನ ಅಭಿಪ್ರಾಯ, ನಾಲ್ಕು ಭಾನುವಾರ ಹಿಡಿದರೂ ಪರವಾಗಿಲ್ಲ. ಒಣ ಪುಡಿ ಮೂಗಿಗೆ ಹೋಗದ ಹಾಗೆ ಮಾಸ್ಕ್ ಹಾಕಿಕೊಳ್ಳಿ, ಹಳೆಯ ಪೇಂಟ್‌ಗಳಲ್ಲಿ ಸೀಸ ಇರುವುದುಂಟು.

ಇನ್ನು ಸೀಮೆಎಣ್ಣೆ, ಡೀಸೆಲ್, ಕೊಬ್ಬರಿ ಎಣ್ಣೆ. ಎಷ್ಟೋ ಕಡೆ ಇವುಗಳಿಂದ ಒರೆಸುತ್ತಾರೆ. ಒದ್ದೆ ಇರುವಷ್ಟು ಹೊತ್ತು ಬಣ್ಣ ಎದ್ದು ಕಾಣುತ್ತದೆ, ಸತ್ತ ಪದರ ಅಲ್ಲೇ ಇರುತ್ತದೆ, ಮೇಲೆ ಧೂಳು ಬೇರೆ ಅಂಟುತ್ತದೆ. ದಯವಿಟ್ಟು ಮಾಡಬೇಡಿ.

ಪಾಲಿಶ್ ಮುಗಿದ ದಿನವೇ ಮೇಣ ಹಚ್ಚಿ, ನಾಳೆ ಅನ್ನಬೇಡಿ. ಈಗ ತೆರೆದಿರುವ ಹೊಸ ಪದರಕ್ಕೂ ಅದೇ ಬಿಸಿಲು ಕಾದಿರುತ್ತದೆ. ಕಾರ್ನೌಬಾ ಮೇಣ ಬ್ರೆಜಿಲ್‌ನ ಒಂದು ಜಾತಿಯ ತಾಳೆ ಎಲೆಯಿಂದ ಬರುವುದು, ಕರಗಲು 80 ಡಿಗ್ರಿ ಸೆಲ್ಸಿಯಸ್ ದಾಟಬೇಕು. ತೆಳ್ಳಗೆ ಹಚ್ಚಿ, ಮಂಜು ಕಟ್ಟಿದ ಹಾಗಾದ ಮೇಲೆ ಒಣ ಬಟ್ಟೆಯಿಂದ ಒರೆಸಿ. ಬಯಲಲ್ಲಿ ನಿಲ್ಲುವ ಕಾರಿಗೆ ಎರಡು ತಿಂಗಳಿಗೊಮ್ಮೆ ಬೇಕಾಗುತ್ತದೆ. ನೀರು ಚಿಮುಕಿಸಿ ನೋಡಿ, ಕೆಸುವಿನ ಎಲೆ ಮೇಲಿನ ಹಾಗೆ ಮುತ್ತಾಗಿ ನಿಲ್ಲದೆ ಹರಡಿಕೊಂಡರೆ ಮತ್ತೆ ಹಚ್ಚುವ ಹೊತ್ತು ಬಂತು ಅಂತ. ಕವರ್ ಹೊದಿಸುವುದು ಒಳ್ಳೆಯದೇ, ಆದರೆ ಧೂಳು ತೊಳೆಯದೆ ಹೊದಿಸಬೇಡಿ, ಗಾಳಿಗೆ ಕವರ್ ಅಲುಗಾಡಿದಾಗೆಲ್ಲ ಆ ಧೂಳೇ ಉಜ್ಜುತ್ತದೆ.

ನಮ್ಮ ಕಾರಿನ ಬಾನೆಟ್ ಆಯಿತು, ಬಾಗಿಲುಗಳು ಆದವು. ರೂಫ್ ಬಾಕಿ ಇದೆ. ಎಲ್ಲಕ್ಕಿಂತ ಜಾಸ್ತಿ ಬಿಸಿಲು ತಿಂದಿರುವುದು ಅದೇ. ಈ ಭಾನುವಾರ ಬೆಳಗ್ಗೆ ಅದನ್ನು ಹಿಡಿಯುತ್ತೇನೆ, ಬೇವಿನ ನೆರಳು ಸರಿಯುವ ಮೊದಲು.

ನಮಸ್ಕಾರ.