ಬರೆದ ಇಸವಿ, ಅಚ್ಚಾದ ಇಸವಿ

ಕೇಳುಗರಿಗೆ ನಮಸ್ಕಾರ. ಫ್ರೆಂಚ್ ಸಾಹಿತ್ಯದಲ್ಲಿ ಎರಡನೇ ಮಹಾಯುದ್ಧದ ನೆನಪನ್ನು ಅಭ್ಯಾಸ ಮಾಡುವವರು ಯಾವ ಪುಸ್ತಕ ಹಿಡಿದರೂ ಮೊದಲು ಎರಡು ಇಸವಿ ಗುರುತು ಹಾಕಿಕೊಳ್ಳಬೇಕು: ಬರೆದದ್ದು ಯಾವಾಗ, ಅಚ್ಚಾದದ್ದು ಯಾವಾಗ.

1943ರ ಜನವರಿ 24ರಂದು 230 ಹೆಂಗಸರನ್ನು ನಾಜಿಗಳ ಆಷ್‌ವಿಟ್ಸ್ ಶಿಬಿರಕ್ಕೆ ಸಾಗಿಸಿದ ರೈಲಿನಲ್ಲಿ ಫ್ರೆಂಚ್ ಲೇಖಕಿ ಶಾರ್ಲೊತ್ ದೆಲ್ಬೊ ಇದ್ದರು. ಬದುಕಿ ಬಂದವರು 49. ದೆಲ್ಬೊ 1946ರಲ್ಲಿ ಬರೆದದ್ದನ್ನು ಎತ್ತಿಟ್ಟರು, ಪ್ರಕಟವಾದದ್ದು 1965ರಲ್ಲಿ. ಕಾದಂಬರಿಗಾರ್ತಿ ಇರೆನ್ ನೆಮಿರೊವ್‌ಸ್ಕಿ ಅದೇ ಶಿಬಿರದಲ್ಲಿ 1942ರಲ್ಲಿ ತೀರಿಕೊಂಡರು. ಕಾಗದ ಉಳಿಸಲು ಇರುವೆ ಸಾಲಿನಂಥ ಅಕ್ಷರದಲ್ಲಿ ಅವರು ಬರೆದ ಕಾದಂಬರಿ ಓದುಗರ ಕೈ ಸೇರಿದ್ದು 2004ರಲ್ಲಿ. ಅಷ್ಟರಲ್ಲಿ, ಯುದ್ಧಕಾಲದಲ್ಲಿ ಜರ್ಮನಿಯ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಶೀ ಸರ್ಕಾರದ ಬಗ್ಗೆ ಅಮೆರಿಕದ ಇತಿಹಾಸಕಾರ ಪ್ಯಾಕ್ಸ್‌ಟನ್ ಬರೆದ ಚರಿತ್ರೆ 1973ರಲ್ಲಿ ಫ್ರೆಂಚಿಗೆ ಬಂದಿತ್ತು. ಪ್ಯಾರಿಸಿನಲ್ಲಿ 1942ರ ಜುಲೈನಲ್ಲಿ ನಡೆದ ಯಹೂದಿಗಳ ಸಾಮೂಹಿಕ ಬಂಧನದಲ್ಲಿ ಫ್ರಾನ್ಸಿನ ಹೊಣೆಯನ್ನು ಅಧ್ಯಕ್ಷ ಶಿರಾಕ್ 1995ರಲ್ಲಿ ಒಪ್ಪಿಕೊಂಡಿದ್ದರು. ಓದುಗರಿಗೆ ತಿಳಿದಿದ್ದ ಇದೆಲ್ಲ ಲೇಖಕಿಗೆ ತಿಳಿದಿರಲು ಸಾಧ್ಯವೇ ಇರಲಿಲ್ಲ. ಇದನ್ನು ಮರೆತು ಬರೆದ ಪ್ರಬಂಧಗಳು ಆಕೆಯನ್ನು ಕಟಕಟೆಯಲ್ಲಿ ನಿಲ್ಲಿಸಿಬಿಡುತ್ತವೆ.

ಮೂರನೆಯ ಇಸವಿಯೂ ಉಂಟು, ತಿದ್ದಿದ್ದು. ಫ್ರೆಂಚ್ ಕಾದಂಬರಿಕಾರ ಪ್ಯಾಟ್ರಿಕ್ ಮೊದಿಯಾನೊ 1968ರ ತಮ್ಮ ಮೊದಲ ಕಾದಂಬರಿಯನ್ನು ಮುಂದಿನ ಮುದ್ರಣಗಳಲ್ಲಿ ಬದಲಿಸಿದ್ದಾರೆ. ಪೇಟೆಯಲ್ಲಿ ಸಿಕ್ಕ ಅಗ್ಗದ ಪ್ರತಿಯಿಂದ ಸಾಲು ಎತ್ತಿ 1968 ಎಂದು ನಮೂದಿಸಿದರೆ ವಾದ ಅಲ್ಲೇ ಕುಸಿಯುತ್ತದೆ. ಎರಡು ಮುದ್ರಣಗಳನ್ನು ಪಕ್ಕಪಕ್ಕ ಇಟ್ಟು ಪುಟಪುಟವೂ ಹೋಲಿಸಬೇಕು. ಬೇಸರದ ಕೆಲಸವೇ, ಆದರೆ ನೆನಪು ಬದಲಾದದ್ದು ಕಣ್ಣಿಗೆ ಕಾಣುವುದು ಅಲ್ಲಿಯೇ.

ನೆಮಿರೊವ್‌ಸ್ಕಿಯವರ ಹಸ್ತಪ್ರತಿಗಳು ನಾರ್ಮಂಡಿಯ ಕಾನ್ (Caen) ಊರಿನ ಹತ್ತಿರದ ಹಳೆಯ ಮಠವೊಂದರ ದಾಖಲೆ ಸಂಸ್ಥೆಯಲ್ಲಿವೆ. ಹೋಗುವ ಮೊದಲೇ ಬರೆದು ದಿನ ಗೊತ್ತುಮಾಡಿಕೊಳ್ಳಬೇಕು; ಪೆನ್ಸಿಲ್ ಒಯ್ಯಿರಿ. ಯುದ್ಧಕಾಲದ ಪೊಲೀಸ್ ಮತ್ತು ನ್ಯಾಯಾಲಯದ ಕಡತಗಳಲ್ಲಿ ಹೆಚ್ಚಿನವು 2015ರ ಡಿಸೆಂಬರಿನ ಆದೇಶದಿಂದ ತೆರೆದಿವೆ. ಪೋಲೆಂಡಿನಿಂದಲೋ ರಷ್ಯಾದಿಂದಲೋ ಬಂದವರ ಹೆಸರನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ. ಒಂದೇ ಕಾಗುಣಿತದಲ್ಲಿ ಹುಡುಕಿ, ಸಿಗಲಿಲ್ಲವೆಂದು ಕೈಬಿಡಬೇಡಿ.

ಇನ್ನು ವಿಶ್ವವಿದ್ಯಾಲಯದ ನೌಕರಿ. ಫ್ರಾನ್ಸಿನಲ್ಲಿ ಪದವಿಗೆ 3 ವರ್ಷ, ಸ್ನಾತಕೋತ್ತರಕ್ಕೆ 2. ಪಿಎಚ್‌ಡಿಗೆ ಕಾಗದದ ಮೇಲೆ 3. ಸಾಹಿತ್ಯದಲ್ಲಿ ಅಷ್ಟರೊಳಗೆ ಮುಗಿಸುವವರು ಕಡಿಮೆ. ಆಮೇಲೆ ವಿಶ್ವವಿದ್ಯಾಲಯಗಳ ರಾಷ್ಟ್ರೀಯ ಮಂಡಳಿಯಿಂದ ಅರ್ಹತೆ ಪಡೆದು, ಒಂದೊಂದು ಹುದ್ದೆಗೂ ಬೇರೆ ಬೇರೆಯಾಗಿ ಸ್ಪರ್ಧಿಸಬೇಕು. ಫ್ರೆಂಚ್ ಸಾಹಿತ್ಯ ಆ ಮಂಡಳಿಯ 9ನೆಯ ವಿಭಾಗ, ಆಧುನಿಕ ಚರಿತ್ರೆ 22ನೆಯದು. ಪ್ರಬಂಧದ ತುಂಬ ಕಡತಗಳೇ ಇದ್ದು, ವಾಕ್ಯ, ನಿರೂಪಣೆ, ಕಾಲಪ್ರಯೋಗಗಳ ವಿಶ್ಲೇಷಣೆ ತೆಳುವಾಗಿದ್ದರೆ, 9ರವರು ‘ಇದು ಚರಿತ್ರೆ’ ಎನ್ನುತ್ತಾರೆ, 22ರವರು ‘ಇದು ಸಾಹಿತ್ಯ’ ಎನ್ನುತ್ತಾರೆ.