ಬೆಳಕಿನ ಕತ್ತಿಗೆ ಬ್ಯಾಟರಿ ಎಲ್ಲಿದೆ?

ಕೇಳುಗರಿಗೆ ನಮಸ್ಕಾರ.

1977ರಲ್ಲಿ ‘ಸ್ಟಾರ್ ವಾರ್ಸ್’ ತೆರೆಗೆ ಬಂದಾಗ ಹುಟ್ಟಿದ ವಾದವೊಂದು ಇನ್ನೂ ತಣ್ಣಗಾಗಿಲ್ಲ. ಅದರಲ್ಲಿ ಬರುವ ಲೈಟ್‌ಸೇಬರ್, ಅಂದರೆ ಬೆಳಕಿನ ಕತ್ತಿ, ಏತರಿಂದ ಆದದ್ದು? ಲೇಸರ್ ಎನ್ನುವವರಿದ್ದಾರೆ, ಪ್ಲಾಸ್ಮಾ ಎನ್ನುವವರಿದ್ದಾರೆ. ಲೇಸರ್ ಪಕ್ಷ ಬೇಗ ಸೋಲುತ್ತದೆ. ಅಡ್ಡ ಏನೂ ಸಿಗದಿದ್ದರೆ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಹೋಗುತ್ತಲೇ ಇರುತ್ತದೆ. ಮೂರಡಿ ದೂರಕ್ಕೆ ತಾನಾಗಿ ನಿಲ್ಲುವುದಿಲ್ಲ. ಎರಡು ಕಿರಣಗಳು ಎದುರುಬದುರಾದರೂ ಒಂದನ್ನೊಂದು ಹಾದುಹೋಗುತ್ತವೆ, ಕತ್ತಿಗಳಂತೆ ತಾಗುವುದಿಲ್ಲ. ಪ್ಲಾಸ್ಮಾ ಎಂದರೆ ಎಲೆಕ್ಟ್ರಾನುಗಳು ಕಳಚಿಕೊಂಡಷ್ಟು ಕಾದ ಅನಿಲ. ಅದನ್ನು ಕಾಂತಕ್ಷೇತ್ರದಲ್ಲಿ ಕಟ್ಟಿಹಾಕಬಹುದು. ಹಾಗಾಗಿ ಹೆಚ್ಚಿನವರು ಪ್ಲಾಸ್ಮಾ ಎಂದು ತೀರ್ಮಾನಿಸಿ ವಾದ ಮುಗಿಸುತ್ತಾರೆ. ನನ್ನ ಮಟ್ಟಿಗೆ ವಾದದ ನಿಜವಾದ ರುಚಿ ಶುರುವಾಗುವುದೇ ಅಲ್ಲಿಂದ. ತೆರೆಯ ಮೇಲೆ ಕಂಡದ್ದನ್ನು ಅಳತೆಗೆ ಇಳಿಸಬೇಕು.

ಇದೇ ಸರಣಿಯ 1999ರ ಚಿತ್ರದಲ್ಲಿ ಒಂದು ದೃಶ್ಯವಿದೆ. ಲೋಹದ ದಪ್ಪ ಬಾಗಿಲಿಗೆ ಕತ್ತಿ ಚುಚ್ಚಿ, ಅದನ್ನು ಕರಗಿಸಿ ದಾರಿ ಮಾಡಿಕೊಳ್ಳುವ ಪ್ರಯತ್ನ. ಕೈಗೆ ಪೆನ್ಸಿಲ್ ಸಿಕ್ಕರೆ ಬರೆದುಕೊಳ್ಳಿ. ಬಾಗಿಲು ಉಕ್ಕಿನದು, ದಪ್ಪ 30 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಮನುಷ್ಯ ನುಸುಳಲು 1 ಮೀಟರ್ ಅಗಲದ ದುಂಡನೆಯ ತೂತು ಬೇಕು. ಅದರ ಸುತ್ತಳತೆ 3.14 ಮೀಟರ್. ಕತ್ತಿ ಕೊರೆದ ಗೆರೆಯ ಅಗಲ 4 ಸೆಂಟಿಮೀಟರ್. ಮೂರನ್ನೂ ಗುಣಿಸಿ, ಘನಮೀಟರಿಗೆ 7,850 ಕಿಲೋ ಎಂಬ ಉಕ್ಕಿನ ಸಾಂದ್ರತೆಯಿಂದ ಮತ್ತೆ ಗುಣಿಸಿದರೆ, ಕರಗಬೇಕಾದ ಉಕ್ಕು ಹತ್ತಿರ ಹತ್ತಿರ 300 ಕಿಲೋ. ಒಂದು ಕಿಲೋ ಉಕ್ಕನ್ನು ಮಾಮೂಲಿ ಉಷ್ಣತೆಯಿಂದ ಕರಗಿಸಲು ಸುಮಾರು 12 ಲಕ್ಷ ಜೂಲ್ ಬೇಕು. ಒಟ್ಟು 36 ಕೋಟಿ ಜೂಲ್. ಕೆಲಸ ಒಂದು ನಿಮಿಷದಲ್ಲಿ ಮುಗಿಯಬೇಕಾದರೆ 60 ಲಕ್ಷ ವಾಟ್, ಅಂದರೆ 6 ಮೆಗಾವಾಟ್.

ಈ ಲೆಕ್ಕದಲ್ಲಿ ಜನ ಎಡವುವ ಜಾಗ ಎರಡು. ದಪ್ಪವನ್ನು ಊಹಿಸಿದ್ದು ಮರೆತುಬಿಡುತ್ತಾರೆ. ದಪ್ಪ ಅರ್ಧವಾದರೆ ಉತ್ತರವೂ ಅರ್ಧವಾಗುತ್ತದೆ. ಇನ್ನೊಂದು, ಸುತ್ತಲಿನ ಉಕ್ಕು ಹೀರಿಕೊಳ್ಳುವ ಶಾಖ ಇದರಲ್ಲಿ ಸೇರಿಲ್ಲ. ಆದ್ದರಿಂದ ಆ ದಪ್ಪದ ಬಾಗಿಲಿಗೆ ಬಂದ ಅಂಕಿ ಕನಿಷ್ಠ ಮಿತಿ, ಖಚಿತ ಉತ್ತರ ಎಂದು ಬೀಗುವಂತಿಲ್ಲ.

ಈಗ ಎದುರು ಪಕ್ಷ ಕೇಳುವ ಪ್ರಶ್ನೆ ತೂಕದ್ದು. ಅಷ್ಟು ಕಾದ ಅಲಗನ್ನು ಮುಖದ ಹತ್ತಿರ ಹಿಡಿದವನು ಯಾಕೆ ಸುಟ್ಟುಹೋಗುವುದಿಲ್ಲ? ಅಲಗು 90 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ದಪ್ಪ ಇದ್ದು, ಸೂರ್ಯನ ಮೇಲ್ಮೈಯಷ್ಟು, ಅಂದರೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್, ಕಾದ ಘನವಸ್ತುವಿನಂತೆ ಬೆಳಗುತ್ತಿದ್ದರೆ, ಸುಮ್ಮನೆ ಹಿಡಿದುಕೊಂಡಾಗಲೂ 50 ಲಕ್ಷ ವಾಟ್ ಶಾಖ ಸುತ್ತಲೂ ಸುರಿಯುತ್ತದೆ. ಹಿಡಿದವನಷ್ಟೇ ಅಲ್ಲ, ಪಕ್ಕದಲ್ಲಿದ್ದವರೂ ಉಳಿಯುವುದಿಲ್ಲ. ಪ್ಲಾಸ್ಮಾ ಪಕ್ಷದ ಬಳಿ ಇದಕ್ಕೊಂದು ಒಳ್ಳೆಯ ಉತ್ತರವಿದೆ: ತೆಳುವಾದ ಪ್ಲಾಸ್ಮಾ ಎಷ್ಟೇ ಬಿಸಿಯಿದ್ದರೂ ಘನವಸ್ತುವಿನಷ್ಟು ಶಾಖ ಹೊರಗೆ ಬಿಡುವುದಿಲ್ಲ. ನಿಜ. ಆದರೆ ತೆಳುವಾದದ್ದರ ಒಡಲಲ್ಲಿ ಶಾಖದ ದಾಸ್ತಾನೂ ಕಡಿಮೆ. ಬಾಗಿಲು ಕರಗಿಸಬೇಕಾದರೆ ಹಿಡಿಯೊಳಗಿನಿಂದ ಶಕ್ತಿ ಎಡೆಬಿಡದೆ ಹರಿದುಬರಬೇಕು.

ಹೀಗೆ ವಾದ ಅಲಗನ್ನು ಬಿಟ್ಟು ಬ್ಯಾಟರಿಗೆ ಬಂದು ನಿಲ್ಲುತ್ತದೆ. 36 ಕೋಟಿ ಜೂಲ್ ಎಂದರೆ ಲೆಕ್ಕಕ್ಕೆ ಸರಿಯಾಗಿ 100 ಯೂನಿಟ್ ವಿದ್ಯುತ್. ದೊಡ್ಡ ಎಲೆಕ್ಟ್ರಿಕ್ ಕಾರಿನ ಪೂರ್ತಿ ಬ್ಯಾಟರಿ ಹಿಡಿಸುವಷ್ಟು. ಆ ಬ್ಯಾಟರಿಯ ತೂಕ ಅರ್ಧ ಟನ್ನಿನ ಆಸುಪಾಸು. ಕತ್ತಿಯ ಹಿಡಿ ಎರಡು ಮುಷ್ಟಿಗೆ ಸಾಲುವಷ್ಟು. ಚಿತ್ರದ ನಿಜವಾದ ಅದ್ಭುತ ಆ ಹಿಡಿಯೊಳಗಿದೆ.

ಯೂನಿಟ್ ಎಂದ ಕೂಡಲೇ ‘ಬ್ಯಾಕ್ ಟು ದಿ ಫ್ಯೂಚರ್’ ನೆನಪಾಗುತ್ತದೆ. 1985ರ ಆ ಚಿತ್ರದಲ್ಲಿ ಕಾಲಯಾನಕ್ಕೆ ಬೇಕಾದದ್ದು 1.21 ಗಿಗಾವಾಟ್, ಅಂದರೆ 121 ಕೋಟಿ ವಾಟ್; ಅದನ್ನು ಸಿಡಿಲಿನಿಂದ ಪಡೆಯುತ್ತಾರೆ. ವಾಟ್ ಎನ್ನುವುದು ಶಕ್ತಿ ಹರಿಯುವ ದರ. ಎಷ್ಟು ಹೊತ್ತು ಹರಿಯಬೇಕು ಎಂದು ತಿಳಿಯದೆ ಸಿಡಿಲು ಸಾಕೇ ಸಾಲದೇ ಎಂದು ಜಗಳವಾಡುವುದು ವ್ಯರ್ಥ.

ಅಳತೆಗೆ ಚೆನ್ನಾಗಿ ಒಗ್ಗುವುದು 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ಗಗನನೌಕೆಯೊಳಗಿನ ತಿರುಗುವ ಚಕ್ರ. ಚಕ್ರ ತಿರುಗಿದಂತೆ ಒಳಗಿನವರ ಕಾಲು ಅಂಚಿಗೆ ಒತ್ತಿಕೊಳ್ಳುತ್ತದೆ, ಅದೇ ಅವರ ತೂಕ. ಚಿತ್ರೀಕರಣಕ್ಕೆ ಕಟ್ಟಿದ ಚಕ್ರದ ವ್ಯಾಸ ಸುಮಾರು 38 ಅಡಿ, ಅಂದರೆ ತ್ರಿಜ್ಯ 5.8 ಮೀಟರ್. ಅಷ್ಟು ಸಣ್ಣ ಚಕ್ರದಲ್ಲಿ ಭೂಮಿಯ ಗುರುತ್ವ ಬೇಕೆಂದರೆ ನಿಮಿಷಕ್ಕೆ 12 ಸುತ್ತು ದಾಟಬೇಕು. ತಲೆ ತಿರುಗಿಸಿದರೆ ಸಾಕು, ಓಕರಿಕೆ. ನಿಮಿಷಕ್ಕೆ 2 ಸುತ್ತಿಗೇ ಅದೇ ಗುರುತ್ವ ಸಿಗಬೇಕಾದರೆ ತ್ರಿಜ್ಯ 224 ಮೀಟರ್ ಇರಬೇಕು.

ಸಣ್ಣ ಚಕ್ರವನ್ನು ಉಳಿಸಿಕೊಳ್ಳಲು ಅಭಿಮಾನಿಗಳು ಚಂದ್ರನ ಗುರುತ್ವಕ್ಕೆ ಇಳಿಯುತ್ತಾರೆ. ಆಗ ನಿಮಿಷಕ್ಕೆ 5 ಸುತ್ತು ಸಾಕು. ಜಾಣ ಉತ್ತರ. ಆದರೆ ಆ ಲೆಕ್ಕದಲ್ಲಿ ಅಂಚಿನ ವೇಗ ಸೆಕೆಂಡಿಗೆ 3 ಮೀಟರ್, ಮನುಷ್ಯ ನಿಧಾನವಾಗಿ ಓಡುವ ವೇಗವೂ ಹೆಚ್ಚುಕಡಿಮೆ ಅಷ್ಟೇ. ಚಿತ್ರದಲ್ಲಿ ಗಗನಯಾತ್ರಿ ಚಕ್ರದೊಳಗೆ ಓಡುತ್ತಾನಲ್ಲ, ಚಕ್ರ ತಿರುಗುವ ದಿಕ್ಕಿಗೇ ಓಡಿದರೆ ಅವನ ತೂಕ ನಾಲ್ಕು ಪಟ್ಟಾಗುತ್ತದೆ. ಎದುರು ದಿಕ್ಕಿಗೆ ಓಡಿದರೆ ತೂಕ ಸೊನ್ನೆಯಾಗಿ, ಪಾದ ನೆಲ ಬಿಟ್ಟು ತೇಲುತ್ತಾನೆ. ಮುಂದಿನ ಸಲ ನೋಡುವಾಗ ಅವನ ಪಾದಗಳ ಮೇಲೆ ಕಣ್ಣಿಡಿ.

ನಮಸ್ಕಾರ.