ಮೊದಲೇ ಬಂದು ಹೋದವರು

ಕೇಳುಗರಿಗೆ ನಮಸ್ಕಾರ.

ಡಿಸೆಂಬರ್ 3 ಹತ್ತಿರ ಬಂತೆಂದರೆ ಕುಮಟಾ, ಹೊನ್ನಾವರದ ಕಡೆಯವರಿಗೆ ಚಂದಾವರದ ನೆನಪಾಗುತ್ತದೆ. ಅಲ್ಲಿಯ ಸಂತ ಫ್ರಾನ್ಸಿಸ್ ಝೇವಿಯರರ ಇಗರ್ಜಿಗೆ ಅಂದು ಕ್ರೈಸ್ತರು ಮಾತ್ರ ಬರುವುದಿಲ್ಲ, ಹರಕೆ ಹೊತ್ತ ಎಲ್ಲ ಮತದವರೂ ಬರುತ್ತಾರೆ. ಈ ಸಂತರ ಬಗ್ಗೆ ನಮ್ಮಲ್ಲಿ ರೂಢಿಯಾಗಿರುವ ಒಂದು ಮಾತಿದೆ. ತಮಿಳುನಾಡಿನ ತುದಿಯ ಮುತ್ತಿನ ಕರಾವಳಿಯಲ್ಲಿ ಸಾವಿರಾರು ಮೀನುಗಾರರನ್ನು ಕ್ರೈಸ್ತರನ್ನಾಗಿ ಮಾಡಿದವರು ಇವರೇ ಎಂಬ ಮಾತು. ಅದನ್ನು ಒಪ್ಪದವರು ಯಾರು ಗೊತ್ತೇ? ಸ್ವತಃ ಝೇವಿಯರ್.

ಅವರು ಗೋವಾಕ್ಕೆ ಬಂದದ್ದು 1542ರ ಮೇ ತಿಂಗಳಲ್ಲಿ. ಅದೇ ವರ್ಷ ದಕ್ಷಿಣಕ್ಕೆ ಹೋಗಿ, ಅಕ್ಟೋಬರಿನಲ್ಲಿ ತೂತುಕುಡಿಯಿಂದ ರೋಮಿಗೆ ಬರೆದ ಪತ್ರದಲ್ಲಿ, ಇಲ್ಲಿಯವರು ಎಂಟು ವರ್ಷಗಳ ಹಿಂದೆಯೇ ಕ್ರೈಸ್ತರಾದವರು ಎಂದು ನೇರವಾಗಿ ತಿಳಿಸಿದ್ದಾರೆ. ಕಲ್ಲಿಕೋಟೆಯ ಜೊವಾವೊ ದ ಕ್ರೂಜ್ ಎಂಬ ಕುದುರೆ ವ್ಯಾಪಾರಿಯ ಸಲಹೆಯ ಮೇರೆಗೆ ಪರವ ಮೀನುಗಾರರ ಮುಖಂಡರು ಕೊಚ್ಚಿಗೆ ಹೋಗಿ ಪೋರ್ಚುಗೀಸರ ರಕ್ಷಣೆ ಕೇಳಿದ್ದು, ಅದರ ಬೆನ್ನಿಗೆ ದೀಕ್ಷಾಸ್ನಾನ ನಡೆದದ್ದು, ಎಲ್ಲವೂ ಝೇವಿಯರ್ ಬರುವ ಮೊದಲಿನ ಕಥೆ. ಅದರಲ್ಲಿ ರಾಜಕೀಯವೂ ಇತ್ತು, ಜೀವಭಯವೂ ಇತ್ತು. ಮುಚ್ಚಿಡುವುದೇಕೆ?

ಝೇವಿಯರ್ ಎದುರಿಗಿದ್ದದ್ದು ಬೇರೆಯೇ ಕೆಲಸ. ಆ ಜನರಿಗೆ ತಾವು ಕ್ರೈಸ್ತರು ಎಂಬುದೊಂದು ಗೊತ್ತಿತ್ತು, ಒಂದೂ ಪ್ರಾರ್ಥನೆ ಬರುತ್ತಿರಲಿಲ್ಲ. ಇವರಿಗೋ ತಮಿಳು ಬಾರದು. ಎರಡೂ ಭಾಷೆ ಬಲ್ಲ ಸ್ಥಳೀಯರನ್ನು ಕೂಡಿಸಿಕೊಂಡು, ಹಲವು ದಿನ ಕಷ್ಟಪಟ್ಟು ಪ್ರಾರ್ಥನೆಗಳನ್ನು ತಮಿಳಿಗೆ ತಂದರು. ಆಮೇಲೆ ಗಂಟೆ ಬಾರಿಸುತ್ತ ಬೀದಿಯಲ್ಲಿ ನಡೆದು ಮಕ್ಕಳನ್ನು ಸೇರಿಸಿದರು. ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಕಲಿಸಿದರು. ಊರು ಬಿಡುವಾಗ ಪ್ರಾರ್ಥನೆಯ ಪ್ರತಿಯನ್ನು ಬರೆಯಿಸಿಟ್ಟು, ನಡೆಸಿಕೊಂಡು ಹೋಗಲು ಊರಿನವನೊಬ್ಬನನ್ನು ನೇಮಿಸುತ್ತಿದ್ದರು. ಕಣಕ್ಕಪಿಳ್ಳೆ ಎಂದು ಅವನಿಗೆ ಹೆಸರು. ಅವನ ಸಂಬಳ ಬಂದದ್ದು ಪೋರ್ಚುಗಲ್ಲಿನ ರಾಣಿಯ ಪಾದರಕ್ಷೆಯ ಖರ್ಚಿಗೆಂದು ತೆಗೆದಿಟ್ಟ ಹಣದಿಂದ! ಝೇವಿಯರ್ ಮುಂದಿನ ಹಳ್ಳಿಗೆ ನಡೆದ ಮೇಲೆ ಮಳೆಗಾಲ, ಬೇಸಿಗೆ ಎನ್ನದೆ ಆ ಊರಿನಲ್ಲಿ ಉಳಿದವರು ಈ ಕಣಕ್ಕಪಿಳ್ಳೆಗಳು. ಇಂದು ಅವರ ಹೆಸರಿನಲ್ಲಿ ಎಲ್ಲಿಯೂ ಜಾತ್ರೆ ನಡೆಯುವುದಿಲ್ಲ.

ಬೇರೆಯವರ ದುಡಿಮೆಯ ಹೆಸರು ಯಾರಿಗೆ ಸೇರಬೇಕು ಎಂಬ ಬಗ್ಗೆ ಮಿಷನರಿ ಕೆಲಸಕ್ಕೆ ಮೊದಲ ದಿನಗಳಿಂದಲೂ ಒಂದು ಕಟ್ಟುಪಾಡಿದೆ. ಬೈಬಲಿನಲ್ಲಿ, ಕೊರಿಂಥದ ಕ್ರೈಸ್ತ ಸಭೆಗೆ ಬರೆದ ಎರಡನೆಯ ಪತ್ರದ ಹತ್ತನೆಯ ಅಧ್ಯಾಯದಲ್ಲಿ, ಸಂತ ಪೌಲ ಸ್ವಲ್ಪ ಕಟುವಾಗಿಯೇ ಮಾತನಾಡುತ್ತಾನೆ. ತಾನು ಬಿತ್ತಿದ ಊರಿಗೆ ಆಮೇಲೆ ಬಂದ ಕೆಲವರು ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಿದ್ದರು. ಪೌಲ ಹೇಳುವುದು ಇಷ್ಟು: ದೇವರು ನಮಗೆ ಅಳೆದುಕೊಟ್ಟ ಮೇರೆಯೊಳಗೆ ಮಾತ್ರ ನಾವು ಹೆಚ್ಚಳಪಡುತ್ತೇವೆ, ಇತರರ ದುಡಿಮೆಯನ್ನು ನಮ್ಮದೆಂದು ಹೇಳಿಕೊಳ್ಳುವುದಿಲ್ಲ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂಬ ಗಾದೆ ಅವನಿಗೆ ಗೊತ್ತಿದ್ದರೆ ಖಂಡಿತ ಬಳಸುತ್ತಿದ್ದ.

ಕಾರವಾರದ ದಂಡೆಯಲ್ಲಿ ರಂಪಣಿ ಎಂಬ ದೊಡ್ಡ ಬಲೆ ಎಳೆಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಗುಡೆಯ ಹಿಂಡಿಗೆ ನೀರಿನ ಬಣ್ಣ ತಿರುಗಿದ್ದನ್ನು ಗುರುತಿಸುವವನು ಒಬ್ಬ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು ಬರುವವರು ಕೆಲವರು. ಎರಡೂ ತುದಿಯ ಹಗ್ಗ ಹಿಡಿದು, ಹಿಮ್ಮಡಿಯನ್ನು ಮರಳಿನಲ್ಲಿ ಊರಿ ಎಳೆಯುವವರು ಹತ್ತಾರು ಮಂದಿ. ಬಲೆಗೂ ಪಾಲುಂಟು, ಎಳೆದವರಿಗೂ ಪಾಲುಂಟು. ಬಲೆ ದಡ ಮುಟ್ಟುವ ಹೊತ್ತಿಗೆ ಓಡಿಬಂದು ಹಗ್ಗಕ್ಕೆ ಕೈ ತಾಗಿಸಿ, ಮೀನಿನ ರಾಶಿಯ ಪಕ್ಕ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಸಿಕೊಂಡವನಿಗೆ ಪಾಲು ಕೇಳುವ ಧೈರ್ಯ ಬರುವುದಿಲ್ಲ. ಧರ್ಮದ ಕೆಲಸದಲ್ಲಿ ಮಾತ್ರ ಆ ಧೈರ್ಯ ಹೇಗೋ ಬಂದುಬಿಡುತ್ತದೆ.

ವಿನಯವೆಂದರೆ "ನನ್ನದೇನೂ ಇಲ್ಲ, ಎಲ್ಲವೂ ದೇವರ ದಯೆ" ಎನ್ನುವುದು ಎಂದು ನಾವು ತಿಳಿದಿದ್ದೇವೆ. ಅದು ತೀರ ಸುಲಭ. ಎದುರಿಗೆ ಕೂತವರಿಂದ ಇನ್ನಷ್ಟು ಹೊಗಳಿಕೆ ಬರುವ ದಾರಿಯೂ ಹೌದು. "ಇದನ್ನು ಮಾಡಿದವರು ಇಂಥವರು" ಎಂದು ಹೆಸರು ಹಿಡಿದು ಹೇಳುವುದಕ್ಕೆ ನೆನಪು ಬೇಕು, ವಿಚಾರಿಸುವ ತಾಳ್ಮೆ ಬೇಕು. ದೇವರಿಗೆ ಎಲ್ಲವನ್ನೂ ಒಪ್ಪಿಸಿ, ಊರಿನಲ್ಲಿ ಪ್ರಾರ್ಥನೆ ಕಲಿಸಿದ ಉಪದೇಶಿಯನ್ನೂ ಅವನ ಹೆಂಡತಿಯನ್ನೂ ಮರೆತ ವರದಿಗಳು ಎಷ್ಟಿಲ್ಲ?

ನಮ್ಮ ಕೆನರಾ ಕಂಡ ಇನ್ನೊಬ್ಬರಿದ್ದಾರೆ, ಸಂತ ಜೋಸೆಫ್ ವಾಜ್. ಗೋವಾದ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದವರು. 1681ರಲ್ಲಿ ಈ ಕರಾವಳಿಗೆ ಬಂದಾಗ, ಇಲ್ಲಿಯ ಇಗರ್ಜಿಗಳು ಪೋರ್ಚುಗೀಸ್ ರಾಜನ ಅಧಿಕಾರಕ್ಕೆ ಸೇರಿದವೋ ರೋಮಿನ ಅಧಿಕಾರಕ್ಕೋ ಎಂಬ ಜಗಳ ಜೋರಾಗಿತ್ತು. ಬಿತ್ತಿದವರು ಯಾರೆಂದು ಕೇಳುವವರಿಲ್ಲ, ಪಹಣಿ ಯಾರ ಹೆಸರಿನಲ್ಲಿ ಎಂಬುದೇ ಎಲ್ಲರ ಚಿಂತೆ! ಅಂಥ ಊರುಗಳಲ್ಲಿ ವಾಜ್ ಮೂರು ವರ್ಷ ಕೆಲಸ ಮಾಡಿದರು.

ಮುಂದೆ 1687ರಲ್ಲಿ ಅವರು ಭಿಕ್ಷುಕನ ವೇಷದಲ್ಲಿ ಸಿಂಹಳದ, ಎಂದರೆ ಇಂದಿನ ಶ್ರೀಲಂಕಾದ, ಜಾಫ್ನಾ ಸೇರಿದರು. ಅಲ್ಲಿ ಡಚ್ಚರ ಆಡಳಿತ. ಕಥೋಲಿಕ ಪಾದ್ರಿ ಸಿಕ್ಕಿಬಿದ್ದರೆ ಉಳಿಗಾಲವಿಲ್ಲ. ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೋಗುತ್ತಿದ್ದರಂತೆ, ಯಾರ ಕಣ್ಣು ಅದರ ಮೇಲೆ ನಿಲ್ಲುತ್ತದೆ ಎಂದು ನೋಡುವುದಕ್ಕೆ. ಡಚ್ಚರು 1658ರಲ್ಲಿ ಜಾಫ್ನಾ ಹಿಡಿದ ಮೇಲೆ ಅಲ್ಲಿಯ ಕಥೋಲಿಕರಿಗೆ ಪಾದ್ರಿಗಳಿರಲಿಲ್ಲ. ಆದರೂ ಮನೆಯೊಳಗೆ ಪ್ರಾರ್ಥನೆ ಉಳಿದಿತ್ತು. ಮಕ್ಕಳಿಗೆ ಶಿಲುಬೆಯ ಗುರುತು ಹಾಕಲು ಕಲಿಸಿದ ತಾಯಂದಿರು ಆ ಮನೆಗಳಲ್ಲಿ ಇದ್ದಿರಲೇಬೇಕು. ಸಿಂಹಳದ ಅಪೊಸ್ತಲ, ಎಂದರೆ ಧರ್ಮದೂತ, ಎಂಬ ಬಿರುದು ಮಾತ್ರ ವಾಜ್ ಅವರಿಗೆ ಸಂದಿತು. 1705ರಲ್ಲಿ ಬಿಷಪ್ ಪದವಿಯ ಮಾತು ಬಂದಾಗ ಅವರು ಒಲ್ಲೆ ಎಂದರು. ಅದೇ ವರ್ಷ ಬಂದ ಜಾಕೋಮೆ ಗೊನ್ಸಾಲ್ವಿಸ್ ಎಂಬ ಪಾದ್ರಿ ಸಿಂಹಳ, ತಮಿಳು ಎರಡರಲ್ಲೂ ಗ್ರಂಥಗಳನ್ನು ಬರೆದು ಹೆಸರಾದರು. 1711ರಲ್ಲಿ ವಾಜ್ ಕ್ಯಾಂಡಿಯಲ್ಲಿ ತೀರಿಕೊಂಡರು. ಸಂತರೆಂಬ ಘೋಷಣೆಯಾದದ್ದು 2015ರಲ್ಲಿ.

ಹಬ್ಬದ ಸಮಿತಿಯವರು ಯಾರಾದರೂ ಕೇಳುತ್ತಿದ್ದರೆ ಒಂದು ಬಿನ್ನಹ. ಸ್ಮರಣ ಸಂಚಿಕೆ ಅಚ್ಚಿಗೆ ಹೋಗುವ ಮುಂಚೆ, ಇಗರ್ಜಿಯ ನೆಲ ಸಾರಿಸಿದವರು, ಮಕ್ಕಳಿಗೆ ಭಾನುವಾರದ ಪಾಠ ಹೇಳಿದವರು, ಹಿಂದಿನ ಪಾದ್ರಿಯ ಕಾಲದಲ್ಲಿ ಕಲ್ಲು ಹೊತ್ತವರು, ಇವರ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಪುಟ ಸಾಲದಿದ್ದರೆ ಅತಿಥಿಗಳ ಭಾವಚಿತ್ರದ ಅಳತೆಯನ್ನು ಒಂದಿಷ್ಟು ತಗ್ಗಿಸಬಹುದು.

ನಮಸ್ಕಾರ.